ಒಂದು ದಿನದ ಫ್ರಿಜ್

“ಈ ಫ್ರಿಜ್ ನಿಮ್ಮದೇನಾ?”

ಪೆನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದ ಯಾಯಾನ್ ಕಣ್ಣೆತ್ತಿ ಕೇಳಿದ. ಇಮಾಸ್ ಸರಕ್ಕನೆ ಫ್ರಿಜ್ಜಿಗೆ ಅಡ್ಡ ನಿಂತಳು.

“ಮತ್ತೆ? ಪಕ್ಕದ್ಮನೇದಾ?” ಎಂದು ನಕ್ಕಳು.

ಪಕ್ಕದ ಮನೆಯದೇ ಆಗಿತ್ತು. ಸೋಫಾ ಕೂಡ! ಇಂಡೊನೇಷ್ಯಾದ ತಸಿಕ್ಮಲಾಯಾ ಊರಿನ ಆ ಗಲ್ಲಿಯಲ್ಲಿ ಮನೆಮನೆಯ ಆದಾಯ ಬರೆದುಕೊಳ್ಳಲು ಬಂದಿದ್ದ ಈ ಗಣತಿಯ ಹುಡುಗ ಹಿಂದಿನ ದಿನ ಅವಳನ್ನು ನೋಡಿ ಮುಗುಳ್ನಕ್ಕಿದ್ದ. ಅಷ್ಟಕ್ಕೇ ಈ ಹುಚ್ಚಿ, ಬೆಳಗ್ಗೆ ಎದ್ದವಳೇ ನಾಲ್ಕು ಜನರನ್ನು ಹಿಡಿದು ಸಾಮಾನು ಹೊರಿಸಿಕೊಂಡು ಬಂದಿದ್ದಳು. ಕಸೂತಿ ಹಾಕಿ ಹೊಟ್ಟೆ ಹೊರೆಯುವವಳಿಗೂ ಮಾನ ಇರುತ್ತದಲ್ಲ... ಅವನೆದುರು ಬಡವಿ ಅನ್ನಿಸಿಕೊಳ್ಳುವುದು ಅವಳಿಗೆ ಬೇಡವಾಗಿತ್ತು.

ಅವನು ಕಂಡದ್ದನ್ನು ಬರೆದುಕೊಂಡ. ಹೋಗುವಾಗ ಎರಡು ಸಲ ತಿರುಗಿ ನೋಡಿದ.

ಎರಡು ತಿಂಗಳ ನಂತರ ಆಸ್ಪತ್ರೆಯಲ್ಲಿ ಅಮ್ಮನ ಉಚಿತ ಚಿಕಿತ್ಸೆಯ ಕಾರ್ಡು ನಡೆಯಲಿಲ್ಲ.

“ಹೊಸ ಗಣತೀಲಿ ನೀವು ಬಡವರ ಪಟ್ಟೀಲಿಲ್ಲಮ್ಮ,” ಎಂದ ಕೌಂಟರಿನವನು.

ವಾರಕ್ಕೆರಡು ಸಲ ಡಯಾಲಿಸಿಸ್ ಆಗದಿದ್ದರೆ ಉಳಿಯದ ಜೀವ ಅದು! ಇಮಾಸ್ ಗಣತಿ ಕಚೇರಿಗೆ ಓಡಿದಳು.

“ನಮ್ಮಮ್ಮನ್ನ ಕೊಲ್ತಿದ್ದೀರಲ್ಲ, ಕಾಂಗ್ ಯಾಯಾನ್! ಏನಂತ ಬರೆದ್ರಿ?” ಗಂಡಸರನ್ನು ಗೌರವದಿಂದ ಕರೆಯುವ ‘ಕಾಂಗ್’ ಸಿಟ್ಟಿನಲ್ಲೂ ಅವಳ ಬಾಯಿಂದ ತಪ್ಪಲಿಲ್ಲ.

“ನೋಡಿದ್ದನ್ನೇ ಬರ್ದೆ... ಫ್ರಿಜ್ಜು, ಸೋಫಾ...”

“ಅದು ನಮ್ದಲ್ಲ!” ಅವಳು ಅಲ್ಲೇ ಕುಸಿದಳು. “ನಿಮಗೋಸ್ಕರ ತಂದಿಟ್ಟಿದ್ದು...”

ಅವನು ಅಂದೇ ತಿದ್ದುಪಡಿಗೆ ಬರೆದ, ಮೇಲಿನವರ ಕೈಕಾಲು ಹಿಡಿದ. ಆದರೂ ಹದಿನೇಳು ದಿನ ಹಿಡಿಯಿತು. ಕಸೂತಿ ಯಂತ್ರ ಮಾರಿ ಇಮಾಸ್ ಮೂರು ಸಲ ಡಯಾಲಿಸಿಸ್ ಮಾಡಿಸಿದಳು, ಉಳಿದವು ತಪ್ಪಿದವು. ಕಾರ್ಡು ಮರಳಿ ಬರುವಷ್ಟರಲ್ಲಿ ಅಮ್ಮನಿಗೆ ಎದ್ದು ನಡೆಯುವ ಶಕ್ತಿ ಹೋಗಿತ್ತು.

ಪಟ್ಟಿಯಲ್ಲಿದ್ದವರಿಗೆಲ್ಲ ಮಾಡುವಂತೆ ಮನೆಯ ಗೋಡೆಗೆ ‘ಬಡ ಕುಟುಂಬ’ ಎಂದು ಬಣ್ಣದಲ್ಲಿ ಬರೆಯಲು ಯಾಯಾನನೇ ಬಂದ. ಬರೆದು ಮುಗಿಸಿ, ಅವಳತ್ತ ತಿರುಗಿದ.

“ಇಮಾಸ್... ನನ್ನ ಮದ್ವೆಯಾಗ್ತೀಯಾ?”

ಈ ಮಾತಿಗಾಗಿ ಅವಳು ಎಷ್ಟು ಹಂಬಲಿಸಿದ್ದಳು! ಕಣ್ಣು ತುಂಬಿ ಬಂತು.

“ಅಮ್ಮನ್ನ ಬಿಟ್ಟು ಬರಕ್ಕಾಗಲ್ಲ. ನೀವೇ ಇಲ್ಲಿಗೆ ಬಂದ್ರೆ ನಿಮ್ಮ ಸಂಬಳ ಈ ಮನೆ ಆದಾಯಕ್ಕೆ ಸೇರುತ್ತೆ, ಕಾರ್ಡು ಮತ್ತೆ ಹೋಗುತ್ತೆ. ಆ ಸಂಬಳದಲ್ಲಿ ಡಯಾಲಿಸಿಸ್ ಮಾಡ್ಸಕ್ಕಾಗುತ್ತಾ?”

ಆಗುವುದಿಲ್ಲವೆಂದು ಅವನಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು?

“ಹಾಗಾದ್ರೆ ಕಾಯ್ತೀನಿ.”

“ಏನಕ್ಕೆ ಕಾಯ್ತೀರಾ, ಕಾಂಗ್?”

ಒಳಗೆ ಅಮ್ಮ ನರಳಿದಳು. ಯಾವ ದಿನಕ್ಕಾಗಿ ಕಾಯುತ್ತೇನೆಂದು ತಾನು ಹೇಳಿಬಿಟ್ಟೆ ಎಂಬುದು ಆಗ ಹೊಳೆದು, ಯಾಯಾನನ ಮುಖ ಬಿಳಿಚಿಕೊಂಡಿತು.

“ಕಾಯ್ಬೇಡಿ,” ಅವಳು ಅವನ ಕೈ ಹಿಡಿದಳು. “ಅಮ್ಮ ಇನ್ನೂ ತುಂಬಾ ದಿನ ಇರ್ಲಿ. ಮಂಗಳವಾರ ಬನ್ನಿ... ಆಸ್ಪತ್ರೆಗೆ ಎತ್ಕೊಂಡು ಹೋಗೋದು ನನ್ನೊಬ್ಬಳ ಕೈಲಾಗಲ್ಲ.”

“ಶುಕ್ರವಾರಾನೂ ಬರ್ತೀನಿ,” ಎಂದ ಯಾಯಾನ್.