ರಿಕಾಬಿನ ಅಳತೆ

ಆ ಬೆಳಿಗ್ಗೆ ಮೋಡ ಕವಿದಿತ್ತು, ಆದರೆ ಮಳೆಯ ಸುಳಿವಿರಲಿಲ್ಲ. ಗಾಳಿ ಎಲ್ಲೋ ಹೋಗಿ ಕೂತುಬಿಟ್ಟಿತ್ತು. ಏಪ್ರಿಲ್ ತಿಂಗಳ ಸೆಕೆಗೆ ಬೆಳ್ಳಂಬೆಳಿಗ್ಗೆಯೇ ಅಂಗಿ ಬೆನ್ನಿಗೆ ಅಂಟುತ್ತಿತ್ತು.

ಭಂಡಿಗಡಿ ಹತ್ತಿರದ ಕುದುರೆ ಸವಾರಿ ಶಾಲೆಯ ಮೈದಾನದಲ್ಲಿ ಆಸಿಫಾ ಮಣ್ಣಿನ ಮೇಲೆ ಬಿದ್ದಿದ್ದಳು. ಎದುರಿಗೆ ಮೊಣಕಾಲೆತ್ತರದ ಅಡ್ಡಗೋಲು ಹಾಗೇ ಇತ್ತು. ಅದನ್ನು ಹಾರಬೇಕಾಗಿದ್ದ ಬಿಳಿ ಕುದುರೆ ಚಾಂದನಿ ಅದರ ಮುಂದೆಯೇ ನಿಂತು ಏದುಸಿರು ಬಿಡುತ್ತಿತ್ತು.

ಓಡಿ ಬಂದವನು ಮುಷರಫ್. ಕುದುರೆಗಳಿಗೆ ಜಿಗಿತ ಕಲಿಸಲು ಬಾಳೆಹೊನ್ನೂರಿನಿಂದ ಹಿಂದಿನ ದಿನವಷ್ಟೇ ಬಂದವನು.

"ಪೆಟ್ಟಾಯ್ತಾ?"

ಆಸಿಫಾ ಮೊಣಕೈ ಊರಿ ಎದ್ದಳು. ಅವಳ ಕಣ್ಣು ಜೀನಿನ ಬದಿಗೆ ಚರ್ಮದ ಪಟ್ಟಿಯಲ್ಲಿ ಇಳಿಬಿದ್ದ ರಿಕಾಬಿನ ಮೇಲಿತ್ತು. ಸವಾರರು ಪಾದವಿಡುವ ಆ ಕಬ್ಬಿಣದ ಬಳೆ ಎಂದಿಗಿಂತ ನಾಲ್ಕು ಬೆರಳು ಮೇಲಿತ್ತು. ಹತ್ತುವಾಗ ನಿದ್ದೆಗಣ್ಣಲ್ಲಿ ಅವಳು ಗಮನಿಸಿರಲಿಲ್ಲ.

"ಇದನ್ನ ಮುಟ್ಟಿದ್ದು ಯಾರು?"

"ನಾನೇ... ನಿಮ್ಮದು ಬಹಳ ಉದ್ದ ಇತ್ತು. ಹಾರೋದಕ್ಕೆ ಅಷ್ಟು ಉದ್ದ ಆಗಲ್ಲ."

"ಕೇಳೋದಕ್ಕೆ ಬಾಯಿರಲಿಲ್ವಾ? ಬೀಳ್ಸೋದಕ್ಕೇ ಬಂದಿದ್ದಾ ನೀವು?"

ಅವನು ಏನೋ ಹೇಳಲು ಹೊರಟು, ತಲೆ ತಗ್ಗಿಸಿಬಿಟ್ಟ. ಆ ಮೌನವೇ ಅವಳಿಗೆ ಒಪ್ಪಿಗೆಯಂತೆ ಕಂಡಿತು.

ಅವಳ ಸಿಟ್ಟಿಗೆ ಕಾರಣವಿತ್ತು. ಚಾಂದನಿ ಅವಳ ತಂದೆ ಅಬ್ದುಲ್ ರಹಮಾನರ ಕುದುರೆ. ಕೊಪ್ಪ, ನರಸಿಂಹರಾಜಪುರದ ಎಷ್ಟೋ ಮದುಮಕ್ಕಳು ಅದರ ಮೇಲೆ ಮೆರೆದಿದ್ದರು. ಮದುಮಕ್ಕಳು ಕಾರು ಹತ್ತುವ ಕಾಲ ಬಂದ ಮೇಲೆ ತಂದೆ ಅದನ್ನು ಈ ಶಾಲೆಗೆ ಕೊಟ್ಟರು. ಅದರ ಹಿಂದೆಯೇ ಆಸಿಫಾಳೂ ಮಕ್ಕಳಿಗೆ ಸವಾರಿ ಕಲಿಸಲು ಬಂದಳು. ಈಗ ಶಾಲೆಯ ಯಜಮಾನ ಸುಬ್ರಾಯರು ಒಂದೇ ಮಾತು ಹೇಳಿದ್ದರು.

"ರಜೆಯ ಶಿಬಿರ ಶುರುವಾಗೋದ್ರೊಳಗೆ ಇದು ಕೋಲು ಹಾರ್ಬೇಕು. ಇಲ್ದಿದ್ರೆ ಕಡಲತೀರದ ಸವಾರಿಯವರು ಕೇಳ್ತಿದಾರೆ, ಕೊಟ್ಬಿಡ್ತೀನಿ ಮಾರಾಯ್ತಿ. ನಂಗೂ ಕಷ್ಟ."

ಬಿಸಿಲಲ್ಲಿ, ಉಪ್ಪುಗಾಳಿಯಲ್ಲಿ, ದಿನವಿಡೀ ಬೇರೆ ಬೇರೆಯವರ ಭಾರ ಹೊತ್ತು... ನೆನೆದಾಗಲೆಲ್ಲ ಆಸಿಫಾ ಲಾಯಕ್ಕೆ ಹೋಗಿ ಚಾಂದನಿಯ ಕೊರಳು ಸವರುತ್ತಿದ್ದಳು.

ಅಂದಿನಿಂದ ಅವಳು ಮುಷರಫನೊಂದಿಗೆ ಮಾತು ಬಿಟ್ಟಳು. ರಿಕಾಬನ್ನು ಮತ್ತೆ ಉದ್ದಕ್ಕೆ ಇಳಿಸಿದಳು. ಮದುಮಗ ಕಾಲು ಚಾಚಿ, ಬೆನ್ನು ನೆಟ್ಟಗಿಟ್ಟು ಕೂರಬೇಕು. ತಂದೆ ಕಲಿಸಿದ್ದು ಅದೇ. ಅವಳಿಗೆ ಬೇರೆ ಅಳತೆ ಗೊತ್ತಿರಲಿಲ್ಲ.

ಚಾಂದನಿ ಪ್ರತಿದಿನ ಕೋಲಿನವರೆಗೆ ಓಡುತ್ತಿತ್ತು, ಪ್ರತಿದಿನ ನಿಲ್ಲುತ್ತಿತ್ತು. ಎಂದಾದರೂ ಹಾರಿದರೂ ಇಳಿದ ಕೂಡಲೇ ಒಲ್ಲದಂತೆ ಕಿವಿ ಹಿಂದಕ್ಕೆ ಮಡಚುತ್ತಿತ್ತು. ಸಂಜೆ ಅದರ ಮೈ ಉಜ್ಜುವಾಗ ಆಸಿಫಾಳ ತೋಳು ಏಳುತ್ತಿರಲಿಲ್ಲ. ನಮಾಜಿನಲ್ಲಿ ಹಣೆ ನೆಲಕ್ಕಿಟ್ಟರೆ ಮತ್ತೆ ಎತ್ತುವುದೇ ಬೇಡವೆನಿಸುತ್ತಿತ್ತು. 'ಯಾ ಅಲ್ಲಾಹ್, ಸಾಕಾಯ್ತು... ದಾರಿ ತೋರಿಸು.'

ದಾರಿ ತೋರಿಸಿದ್ದು ಶಾಲೆಯ ಅಡುಗೆಯ ಗಿರಿಯಮ್ಮ. ಚಹಾ ಲೋಟ ಕೈಗಿಟ್ಟು ಪಕ್ಕದಲ್ಲಿ ಕುಕ್ಕರಿಸಿದಳು.

"ಎಂತ ಕೂಸೇ, ಆ ಮಾಣಿ ಮೇಲೆ ಇನ್ನೂ ಸಿಟ್ಟಾ?"

"ನನ್ನ ಬೀಳ್ಸಿದವ್ರ ಮೇಲೆ ಪ್ರೀತಿ ಬರ್ತದಾ ಗಿರಿಯಮ್ಮ?"

"ಬೀಳ್ಸಿದ್ದು ನನ್ನ ಕೈ ಮಾರಾಯ್ತಿ."

"ನಿಮ್ಮ ಕೈಯಾ?"

"ಹೂಂ. ಸವಾರರ ತೋಳಿನಷ್ಟೇ ರಿಕಾಬಿನ ಪಟ್ಟಿ ಇರ್ಬೇಕಂತೆ, ಬೆರಳ ತುದಿಯಿಂದ ಕಂಕುಳದವರೆಗೆ ಹಿಡಿದು ಅಳೀಬೇಕಂತೆ. ಹೆಣ್ಣುಮಗಳ ತೋಳು ಹ್ಯಾಗೆ ಕೇಳೋದು ಅಂತ ಆ ಮಾಣಿಗೆ ಸಂಕೋಚ. ನನ್ನ ಹತ್ರ ಬಂದು, 'ನಿಮ್ಮ ಕೈಯೂ ಅವರಷ್ಟೇ ಇರ್ಬೋದಲ್ವಾ' ಅಂತು. ನನ್ನ ಕೈ ಅಳ್ಕೊಂಡು ಹೋಯ್ತು."

ಆಸಿಫಾ ಗಿರಿಯಮ್ಮನ ಗಿಡ್ಡ ತೋಳು ನೋಡಿದಳು. ತನ್ನ ಉದ್ದ ತೋಳು ನೋಡಿಕೊಂಡಳು. ಎಷ್ಟೋ ದಿನಗಳ ಮೇಲೆ ಅವಳಿಗೆ ನಗು ಬಂತು. ನಗುತ್ತ ನಗುತ್ತ ಕಣ್ಣೂ ತುಂಬಿತು.

'ಅಷ್ಟು ಬೈದೆನಲ್ಲ... ಒಂದು ಮಾತೂ ತಿರುಗಿ ಆಡಲಿಲ್ಲ.'

ಮರುದಿನ ಅವಳೇ ಚಾಂದನಿಯನ್ನು ಅವನ ಮುಂದೆ ತಂದು ನಿಲ್ಲಿಸಿದಳು.

"ಇದು ಯಾಕೆ ಹಾರಲ್ಲ? ನಿಜ ಹೇಳಿ."

ಮುಷರಫ್ ಕುದುರೆಯ ಬೆನ್ನು ಸವರಿದ. "ಪಟ್ಟಿ ಉದ್ದ ಇದ್ರೆ ಹಾರುವಾಗ ನಿಮಗೆ ಜೀನಿನಿಂದ ಏಳೋದಕ್ಕೆ ಆಗಲ್ಲ. ಇಳಿವಾಗ ನಿಮ್ಮ ಭಾರ ಪೂರಾ ಇದರ ಬೆನ್ನಿಗೆ ಬೀಳ್ತದೆ. ಹಾರಿದ್ರೆ ನೋವು ಅಂತ ಇದಕ್ಕೆ ಗೊತ್ತಾಗಿದೆ."

"ಅಂದ್ರೆ... ನೋಯಿಸ್ತಿದ್ದದ್ದು ನಾನು."

"ನಿಮಗೆ ಗೊತ್ತಿರಲಿಲ್ಲ. ಅದಕ್ಕೂ ನಿಮ್ಮ ಮೇಲೆ ಸಿಟ್ಟಿಲ್ಲ, ನೋಡಿ."

ಚಾಂದನಿ ಅವಳ ಭುಜಕ್ಕೆ ಮೂತಿ ಒರಗಿಸಿತ್ತು.

ಆಸಿಫಾ ಅದರ ಹಣೆ ಸವರಿದಳು. ಆಮೇಲೆ ಪಟ್ಟಿ ನೇತುಹಾಕಿದ ಜಾಗಕ್ಕೆ ತಾನೇ ಬೆರಳ ತುದಿ ತಾಗಿಸಿ, ರಿಕಾಬನ್ನು ತೋಳಿನುದ್ದಕ್ಕೂ ಕಂಕುಳದವರೆಗೆ ಎಳೆದು ಹಿಡಿದಳು.

"ನೋಡ್ಕೊಳ್ಳಿ. ಗಿರಿಯಮ್ಮನ ಕೈಯಲ್ಲ ಇದು."

ಅವನ ಮುಖ ಕೆಂಪಾಯಿತು. ಒಂದಿಷ್ಟು ದೂರ ನಿಂತೇ ಅಳತೆ ನೋಡಿದ. "ಇದು ಬರೀ ಓಟಕ್ಕೆ. ಹಾರೋದಕ್ಕೆ ಇನ್ನೆರಡು ತೂತು ಮೇಲೆ."

ಎರಡು ತೂತು ಏರಿಸಿದಾಗ ಅವಳ ಮಂಡಿ ಅತಿಯಾಗಿ ಮಡಚಿ ಹಿಡಿದುಕೊಂಡಿತು. ಒಂದೇ ತೂತು ಏರಿಸಿದಾಗ ಮೈ ಜೀನಿನಿಂದ ಏಳಲಿಲ್ಲ. ಅವನು ಮಾತಾಡದೆ ದಬ್ಬಳ ತಂದು, ಎರಡರ ನಡುವೆ ಒಂದು ಹೊಸ ತೂತು ಕೊರೆದ.

ಈ ಸಲ ಮಂಡಿ ಮೆಲ್ಲಗೆ ಮಡಚಿತು. ಭಾರವೆಲ್ಲ ಹಿಮ್ಮಡಿಗೆ ಇಳಿಯಿತು. ಕೋಲು ಹತ್ತಿರ ಬಂದಾಗ ಆಸಿಫಾ ಜೀನಿನಿಂದ ತುಸು ಎದ್ದು ಮುಂದಕ್ಕೆ ಬಾಗಿದಳು. ಕೆಳಗೆ ಚಾಂದನಿ ಹಗುರವಾಗಿ ಎದ್ದಿತು... ಇಳಿಯಿತು... ಕಿವಿ ಮುಂದಕ್ಕೇ ಇದ್ದವು.

ಜಗಲಿಯಲ್ಲಿ ನಿಂತಿದ್ದ ಸುಬ್ರಾಯರು, "ಇನ್ನೊಂದ್ಸಲ ಹಾರ್ಸು ನೋಡೋಣ" ಎಂದರು. ಅದು ಮತ್ತೆ ಹಾರಿತು.

"ಸರಿ ಬಿಡು. ಕಡಲತೀರದವ್ರಿಗೆ ಇಲ್ಲ ಅಂತೀನಿ," ಎಂದು ಅವರು ಒಳಗೆ ಹೋದರು.

ಆಸಿಫಾ ಇಳಿದು ಕುದುರೆಯ ಕೊರಳಿಗೆ ಮುಖ ಹುದುಗಿಸಿದಳು. ಮುಷರಫ್ ನೀರು ತಂದುಕೊಟ್ಟ.

"ಆಸಿಫಾ ಅವ್ರೆ... ಒಂದು ಮಾತು ಕೇಳ್ಬೇಕಿತ್ತು. ಈ ಸಲ ಗಿರಿಯಮ್ಮನ್ನ ಕೇಳಿಲ್ಲ."

"ಕೇಳಿ."

"ನಮ್ಮನೆ ಹಿರಿಯರನ್ನ ನಿಮ್ಮ ಅಬ್ಬನ ಹತ್ರ ಕರ್ಕೊಂಡು ಬರ್ಲಾ?"

ಅವಳು ಲೋಟದ ನೀರನ್ನು ನಿಧಾನವಾಗಿ ಕುಡಿದು ಮುಗಿಸಿದಳು.

"ಶುಕ್ರವಾರ ನಮಾಜ್ ಆದ್ಮೇಲೆ ಅಬ್ಬ ಮನೇಲೇ ಇರ್ತಾರೆ."

ಅವನು ತಲೆಯಾಡಿಸಿ ಹೊರಟ.

ಮಾತು ಬಿಟ್ಟಿದ್ದ ಅಷ್ಟೂ ದಿನ ಬೆಳಿಗ್ಗೆ ಅವನು ಲಾಯದ ಬಾಗಿಲಲ್ಲಿ ನಿಂತು ಸಲಾಮ್ ಹೇಳಿದ್ದ. ಅವಳು ಕೇಳಿಸದವಳಂತೆ ಮುಖ ತಿರುಗಿಸಿದ್ದಳು. ಒಬ್ಬರು ಸಲಾಮಿನಲ್ಲಿ ಶಾಂತಿ ಕೋರಿದರೆ ಅದನ್ನು ಮರಳಿ ಕೊಡುವವರೆಗೂ ಅದು ನಮ್ಮ ಮೇಲಿನ ಋಣ.

"ಒಂದು ನಿಮಿಷ," ಎಂದಳು.

ಅವನು ತಿರುಗಿದ.

ಆಸಿಫಾ ತಲೆಯ ದುಪಟ್ಟಾ ಸರಿಪಡಿಸಿಕೊಂಡು, ಅವನಿಗಷ್ಟೇ ಕೇಳುವಂತೆ ಹೇಳಿದಳು.

"ವ ಅಲೈಕುಮುಸ್ಸಲಾಮ್."