ನೀಲಿ ಮೆತ್ತೆ

"ಇದೂ ಸತ್ತಿದೆ," ಎಂದು ಅವನು ಪುಟ್ಟ ಹಸಿರು ಬೋರ್ಡನ್ನು ಅವಳ ಮುಂದಿಟ್ಟ. ಈ ವಾರದ ಏಳನೆಯದು.

ಕಿವಿ ಕೇಳದ ಮಕ್ಕಳ ಶ್ರವಣಯಂತ್ರಕ್ಕೆ ಬೋರ್ಡು ಜೋಡಿಸುವುದು ಅವಳ ಕೆಲಸ, ಪರೀಕ್ಷಿಸುವುದು ಅವನದು. ತಿಂಗಳ ಹಿಂದೆ ಬಂದ ಈ ಮಹಾಶಯನಿಗೆ ಇಡೀ ಸಾಲಿನಲ್ಲಿ ನಾನೊಬ್ಬಳೇ ಕಣ್ಣಿಗೆ ಬೀಳಬೇಕೇ... ಅವಳಿಗೆ ಮೈ ಉರಿಯಿತು.

ಎಂಟನೆಯದು ಸತ್ತರೆ ಜೋಡಣೆಯ ಮೇಜು ಬಿಟ್ಟು ಪೆಟ್ಟಿಗೆ ಕಟ್ಟುವ ಕೋಣೆಗೆ ಹೋಗಬೇಕೆಂದು ಮೇಲ್ವಿಚಾರಕಿ ಬೆಳಿಗ್ಗೆಯೇ ಖಡಾಖಂಡಿತವಾಗಿ ಹೇಳಿದ್ದಳು. ಆರು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಲಿತ ಕೈಕೆಲಸ!

ಎಂಟನೆಯದನ್ನು ಉಸಿರು ಬಿಗಿಹಿಡಿದು ಮುಗಿಸಿದಳು. ಮೈಯ ವಿದ್ಯುತ್ತನ್ನು ನೆಲಕ್ಕಿಳಿಸುವ ಪಟ್ಟಿಯನ್ನು ಮಣಿಕಟ್ಟಿನಿಂದ ಬಿಚ್ಚಿ, ಬೋರ್ಡನ್ನು ಪರೀಕ್ಷೆಗೆ ಕೊಡಲು ಎದ್ದಳು. ಮೇಜಿನ ಕಬ್ಬಿಣದ ಅಂಚಿಗೆ ಬೆರಳು ತಗುಲಿದ್ದೇ ತಡ, ಚುರ್ ಎಂದಿತು.

"ಬೋರ್ಡು ಮುಟ್ಟಬೇಡಿ," ಎಂದ ಅಲ್ಲೇ ನಿಂತಿದ್ದ ಅವನು. ಮುಖ ಬಿಳಿಚಿಕೊಂಡಿತ್ತು.

ಅವಳನ್ನು ಮತ್ತೆ ಕೂರಿಸಿ, ಎಬ್ಬಿಸಿ, ಕುರ್ಚಿಯ ಮೆತ್ತೆಗೆ ಮಾಪಕ ಹಿಡಿದ. ಮುಳ್ಳು ಸೀದಾ ಕೊನೆಗೆ ಹೋಗಿ ನಿಂತಿತು. ಹತ್ತು ದಿನದ ಹಿಂದೆ ಸೊಂಟನೋವಿನಲ್ಲಿ ನರಳುತ್ತಿದ್ದಾಗ ಯಾರೋ ಸದ್ದಿಲ್ಲದೆ ತಂದಿಟ್ಟ ನೀಲಿ ಮೆತ್ತೆ. ಒಳಗೆ ಸ್ಪಂಜು, ಮೇಲೆ ನೈಲಾನು. ಪ್ರತಿ ಸಲ ಏಳುವಾಗಲೂ ಅದು ಅವಳ ಮೈಗೆ ವಿದ್ಯುತ್ತು ತುಂಬುತ್ತಿತ್ತು. ಅವಳಿಗೆ ಅದು ಬರೀ ಚುರುಕು, ಅವಳು ಮುಟ್ಟಿದ ಬೋರ್ಡಿಗೆ ಸಾವು.

ಮೇಲ್ವಿಚಾರಕಿ ಬಂದಳು. ಹತ್ತಿಯಲ್ಲದ್ದು ಹೊಸಿಲು ದಾಟಬಾರದೆಂದು ಗೋಡೆಯ ಮೇಲೆ ಬರೆದಿದ್ದರೂ ಇದನ್ನು ತಂದವರು ಯಾರೆಂದು ಕೇಳಿದಳು.

ಪಕ್ಕದ ಮೇಜಿನ ಅಕ್ಕನೇ ಇರಬೇಕು. ಪಾಪ, ಎರಡು ತಿಂಗಳಲ್ಲಿ ನಿವೃತ್ತಿ... ಅಕ್ಕನನ್ನು ಉಳಿಸಲು ಅವಳು ಕಣ್ಣು ಮುಚ್ಚಿ, "ನಾನೇ," ಎಂದುಬಿಟ್ಟಳು.

"ಸುಳ್ಳು. ತಂದಿಟ್ಟವನು ನಾನು," ಎಂದ ಅವನು. "ಹತ್ತಿ ಅಂತ ಅಂಗಡಿಯವನು ಹೇಳಿದ, ನಂಬಿಬಿಟ್ಟೆ. ಇವರ ಕೈಯಲ್ಲಿ ಯಾವ ತಪ್ಪೂ ಇಲ್ಲ."

ಅವಳ ಮೇಜು ಉಳಿಯಿತು. ಅವನ ಹೆಸರಿಗೆ ಲಿಖಿತ ಎಚ್ಚರಿಕೆ ಬಂತು. ಅಕ್ಕ ಮುಸಿಮುಸಿ ನಗುತ್ತಾ, ಟೀ ಕುಡಿಯಬೇಕೆಂಬ ನೆಪ ಹೇಳಿ ಎದ್ದು ಹೋದಳು.

ಮೇಲ್ವಿಚಾರಕಿಯೂ ಹೊರಟ ಮೇಲೆ ಮೇಜಿನ ಬಳಿ ಇಬ್ಬರೇ ಉಳಿದರು. ಅವಳು ಅವನ ಕಡೆ ತಿರುಗಿದಳು.

"ಎಲ್ಲವನ್ನೂ ಅಳೆದು ನೋಡೋರು, ಇದೊಂದನ್ನ ಯಾಕೆ ಅಳೀಲಿಲ್ಲ?"

"ನೀವು ಸೊಂಟ ಹಿಡ್ಕೊಂಡು ಕೂತಿದ್ರಿ. ಅಳೆಯೋಷ್ಟು ತಾಳ್ಮೆ ಇರ್ಲಿಲ್ಲ."

"ಸತ್ತ ಬೋರ್ಡನ್ನ ಟ್ರೇಯಲ್ಲಿ ಕಳಿಸಬಹುದಿತ್ತಲ್ಲ. ಏಳು ಸಲವೂ ನೀವೇ ಬಂದ್ರಿ."

ಅವನು ತಲೆ ತಗ್ಗಿಸಿದ. "ಹಾಗಾದ್ರೂ ನಿಮ್ಮ ಹತ್ರ ಬರಬಹುದಲ್ಲ ಅಂತ... ನಿಮ್ಮ ಕೆಲಸಕ್ಕೇ ಕುತ್ತು ತಂದೆ. ಕ್ಷಮಿಸಿ."

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವಳು ಎಂಟನೆಯ ಬೋರ್ಡಿದ್ದ ಟ್ರೇಯನ್ನು ಅವನ ಮುಂದೆ ಸರಿಸಿದಳು. ಅವನು ಯಂತ್ರಕ್ಕೆ ಹಚ್ಚಿದ. ಹಸಿರು ದೀಪ ಹತ್ತಿತು.

"ಬದುಕಿದೆ," ಎಂದ. ದನಿ ಸಣ್ಣದಾಗಿತ್ತು. "ಇನ್ನು ನಿಮ್ಮ ಮೇಜಿಗೆ ಬರೋಕೆ ನನಗೆ ನೆಪ ಇಲ್ಲ."

"ಬೇಡ," ಎಂದಳು ಅವಳು, ಪಟ್ಟಿಯನ್ನು ಮತ್ತೆ ಮಣಿಕಟ್ಟಿಗೆ ಬಿಗಿಯುತ್ತಾ. "ನೆಪ ಇಲ್ಲದೇನೇ ಬನ್ನಿ."