ಸೇತುವೆಯ ಎರಡೂ ಕಡೆ

ಟೈಲರ್ ಹುಡುಗಿಗೆ ಸಿಟ್ಟು ನೆತ್ತಿಗೇರಿತ್ತು. ಎದುರಿಗೆ ಕೂತ ರೇಡಿಯೋ ರಿಪೇರಿಯವನು ಅವಳ ಧರ್ಮದ ಪ್ರಾರ್ಥನೆಯನ್ನು ಒಂದಕ್ಷರ ತಪ್ಪಿಲ್ಲದೆ ಹೇಳಿ ಮುಗಿಸಿ, ಬಹುಮಾನ ಸಿಗುತ್ತದೆ ಎನ್ನುವ ಹಾಗೆ ಅವಳ ಮುಖ ನೋಡುತ್ತಿದ್ದ.

"ಚೆನ್ನಾಗಿತ್ತು. ಸೇತುವೆ ಮೇಲೂ ಹೀಗೇ ಹೇಳಿ, ಅಲ್ಲೇ ಗುಂಡು ಹೊಡೀತಾರೆ," ಅಂದಳು.

"ತಪ್ಪೇನಾಯ್ತು?"

"ತಪ್ಪೇ ಆಗಲಿಲ್ವಲ್ಲ, ಅದೇ ತಪ್ಪು."

ಮೂಲೆಯಲ್ಲಿ ಅಂಗಿಗೆ ಗುಂಡಿ ಹಾಕುತ್ತಿದ್ದ ಅವಳ ಅಜ್ಜಿ ನಕ್ಕಳು. "ಹುಟ್ಟಿದಾಗಿಂದ ಹೇಳ್ತಾ ಬಂದೋರು ಇಷ್ಟು ಬಿಡಿಸಿ ಬಿಡಿಸಿ ಹೇಳಲ್ಲಪ್ಪ. ಅರ್ಧ ನುಂಗ್ತೀವಿ. ಮಧ್ಯದಲ್ಲಿ ಒಂದು ಆಕಳಿಕೆನೂ ಬರುತ್ತೆ. ದೇವರಿಗೆ ಅಭ್ಯಾಸ ಆಗಿದೆ, ಏನೂ ಅಂದ್ಕೊಳ್ಳಲ್ಲ."

ಆಕಳಿಕೆ ಕಲಿಸುವುದೊಂದು ಬಾಕಿ ಇತ್ತು ನೋಡಿ. ದೇಶ ಹೊತ್ತಿ ಉರಿಯುತ್ತಿದ್ದ ಕಾಲ ಅದು. ಸ್ವಾತಂತ್ರ್ಯ ಬೇಕು ಎಂದು ಎದ್ದವರು ಹೊಳೆಯಾಚೆಯ ಗುಡ್ಡದಲ್ಲಿ ಅಡಗಿದ್ದರು. ಸೇತುವೆಗೆ ಆಳುವವರ ಸೈನ್ಯದ ಕಾವಲು. ದಾಟಬೇಕೆಂದರೆ ಸೈನಿಕರ ಮುಂದೆ ನಿಂತು ಆಳುವವರ ಧರ್ಮದ ಪ್ರಾರ್ಥನೆ ಹೇಳಬೇಕು. ಬಾರದವರನ್ನು ಪಕ್ಕದ ಗೋದಾಮಿಗೆ ಕರೆದೊಯ್ಯುತ್ತಿದ್ದರು, ಅಲ್ಲಿಂದ ಯಾರೂ ಹೊರಗೆ ಬಂದದ್ದಿಲ್ಲ. ಗುಡ್ಡದವರ ರೇಡಿಯೋ ಕೆಟ್ಟು ಬಾಯಿ ಮುಚ್ಚಿಕೊಂಡಿತ್ತು. ಅದನ್ನು ರಿಪೇರಿ ಮಾಡಬಲ್ಲವನು ಇವನೊಬ್ಬನೇ, ಇವನೋ ಇನ್ನೊಂದು ಧರ್ಮದವನು.

ಅವಳು ಆಳುವವರ ಧರ್ಮದವಳೇ. ಆದರೆ ಆ ದರ್ಬಾರು ಅವಳದಲ್ಲ. "ಪ್ರಾರ್ಥನೆ ನಮ್ಮದು, ಬಂದೂಕು ಅವರದು" ಎಂದು ಅಂಗಡಿಗೆ ಬಂದವರ ಮುಖಕ್ಕೇ ಹೇಳಿ ಅರ್ಧಕ್ಕರ್ಧ ಗಿರಾಕಿಗಳನ್ನು ಕಳೆದುಕೊಂಡಿದ್ದಳು. ಒಂಟಿ ಗಂಡಸನ್ನು ಸೈನಿಕರು ಕೆದಕುತ್ತಾರೆ, ಹೆಂಡತಿ ಜೊತೆಗಿದ್ದರೆ ಅಷ್ಟಾಗಿ ಕೆದಕುವುದಿಲ್ಲ ಎಂದು ಉಪಾಯ ಹೇಳಿದವಳೂ ಅವಳೇ. ಹೆಂಡತಿ ಯಾರಾಗಬೇಕು ಎಂಬ ಮಾತು ಬಂದಾಗ ಮಾತ್ರ ಹೊಲಿಗೆ ಮಿಷನ್ನಿನ ಮೇಲೆ ಬಗ್ಗಿ, ಪೋಣಿಸಿದ್ದ ದಾರವನ್ನೇ ಕಿತ್ತು ಮತ್ತೆ ಪೋಣಿಸತೊಡಗಿದ್ದಳು.

"ಇನ್ನೊಂದು ಸಲ ಹೇಳಿ. ಸೋಮಾರಿ ಹಾಗೆ."

ಅವನು ಹೇಳಿದ. ನಡುವೆ ಆಕಳಿಸಿದ. ಆಕಳಿಸುವಾಗ ಕಣ್ಣು ಪೂರ್ತಿ ಮುಚ್ಚಿರಲಿಲ್ಲ. ರೆಪ್ಪೆಯ ಸಂದಿಯಿಂದ ಅವಳನ್ನೇ ನೋಡುತ್ತಿದ್ದ.

"ದೇವರನ್ನ ನೆನೀಬೇಕು, ನನ್ನ ನೋಡೋದಲ್ಲ."

"ದೇವರು ನಿಮ್ಮ ಕಡೆಯೋರು. ಪರಿಚಯ ಇಲ್ಲ, ಸಂಕೋಚ ಆಗುತ್ತೆ."

"ನನ್ನ ಪರಿಚಯ ಇದೆಯಾ?"

"ಪಕ್ಕದಂಗಡಿ ಅಲ್ವಾ? ಕತ್ತರಿ ಸದ್ದಲ್ಲೇ ಇವತ್ತು ಎಷ್ಟು ಸಿಟ್ಟು ಅಂತ ಗೊತ್ತಾಗುತ್ತೆ."

ಅಜ್ಜಿ ಕೆಮ್ಮಿದಳು. ಅವಳಿಗೇನೂ ಕೆಮ್ಮು ಬಂದಿರಲಿಲ್ಲ.

"ಹೆಂಡ್ತೀನ ಹೀಗೆ ನೀವು, ತಾವು ಅಂದ್ರೆ ಅವರಿಗೆ ಅನುಮಾನ ಬರುತ್ತೆ," ಅಂದಳು ಹುಡುಗಿ, ಕಿವಿ ಕೆಂಪಗೆ ಮಾಡಿಕೊಂಡು.

"ಸರಿ... ನೀನು," ಅಂದ ಅವನು, ಬಿಸಿ ಚಹಾ ಗುಟುಕರಿಸುವವನ ಹಾಗೆ ಹುಷಾರಾಗಿ.

ಆ ಒಂದು ಮಾತು ಅವಳನ್ನು ದಿನವಿಡೀ ಬಿಡಲಿಲ್ಲ. ಅಂಗಿಯ ಎಡ ತೋಳನ್ನು ಬಲಕ್ಕೆ ಹೊಲಿದು ಮತ್ತೆ ಬಿಚ್ಚಿದಳು.

ಮರುದಿನ ಬೆಳಿಗ್ಗೆ ಹೊರಟರು. ರೇಡಿಯೋ ರಿಪೇರಿಗೆ ಬೇಕಾದ ಗಾಜಿನ ವಾಲ್ವುಗಳನ್ನು ಅವಳು ತಲೆದಿಂಬಿನ ಹತ್ತಿಯೊಳಗಿಟ್ಟು ಹೊಲಿದು, ದಿಂಬನ್ನು ಕಂಕುಳಲ್ಲಿ ಅವುಚಿಕೊಂಡಿದ್ದಳು.

"ನಾಟಕ ಚೆನ್ನಾಗಿ ಆಡ್ರಪ್ಪ," ಅಂದಳು ಅಜ್ಜಿ ಬಾಗಿಲಲ್ಲಿ. "ನಿಜ ಆಗ್ಬಿಟ್ರೆ ನನ್ನದೇನೂ ತಕರಾರಿಲ್ಲ."

ಸೇತುವೆಯ ಮೇಲೆ ಎಳೆ ಮೀಸೆಯ ಸೈನಿಕನೊಬ್ಬ ಅಡ್ಡಗೋಲು ಇಳಿಸಿ ನಿಂತಿದ್ದ. "ಹೇಳು," ಅಂದ.

ಅವನು ಹೇಳಿದ. ಸಾಲುಗಳನ್ನು ನುಂಗಿದ, ನಡುವೆ ಆಕಳಿಸಿದ. ಸೈನಿಕನಿಗೂ ಆಕಳಿಕೆ ಬಂತು. ಬಚಾವಾದೆವು ಎಂದು ಅವಳು ಉಸಿರು ಬಿಡುವಷ್ಟರಲ್ಲಿ ಸೈನಿಕ ಇನ್ನೊಂದು ಶುರು ಮಾಡಿದ.

"ನಮ್ಮೋನೇ ನೀನು. ಹಾಗಾದ್ರೆ ಆ ಇನ್ನೊಂದು ದೇವರನ್ನ ಬಾಯ್ತುಂಬ ಬೈದು ಹೋಗು."

ರೇಡಿಯೋದವನ ಬಾಯಿ ಕಟ್ಟಿತು. ಅವನಮ್ಮ ದಿನವೂ ನೆನೆಯುವ ದೇವರು ಅದು. ಈ ಮನುಷ್ಯ ಬೈಯುವುದಿಲ್ಲ, ಬೇಕಾದರೆ ಸಾಯುತ್ತಾನೆ ಎಂಬುದು ಅವಳಿಗೆ ಖಚಿತವಾಯಿತು. ಇವನಿಲ್ಲದ ಪಕ್ಕದಂಗಡಿ ತನಗೆ ಬೇಡವೇ ಬೇಡ ಎಂಬುದೂ ಅದೇ ಕ್ಷಣ ಖಚಿತವಾಯಿತು.

"ಏನಪ್ಪಾ," ಎಂದು ಅವಳು ತಮ್ಮನನ್ನು ಗದರುವ ದನಿಯಲ್ಲಿ ಮುಂದೆ ಬಂದಳು. "ಈಗಷ್ಟೇ ಪ್ರಾರ್ಥನೆ ಹೇಳಿದ ಬಾಯಿ. ಅದೇ ಬಾಯಲ್ಲಿ ಹೊಲಸು ಮಾತು ಆಡಿಸ್ತೀಯಲ್ಲ, ನಿಮ್ಮಮ್ಮ ನಿನಗೆ ಕಲಿಸಿದ್ದು ಇದೇನಾ? ನನ್ನ ಗಂಡ ಬೈಯಲ್ಲ. ನಾನೂ ಬೈಯಲ್ಲ. ಹೊಡೆಯೋದಾದ್ರೆ ಹೊಡಿ, ನಮ್ಮ ದೇವರ ಹೆಸರಲ್ಲಿ ಮಾತ್ರ ಹೊಡೀಬೇಡ."

ಅಮ್ಮನ ಮಾತು ಬಂದದ್ದೇ ಸೈನಿಕನ ಮುಖ ಕಪ್ಪಿಟ್ಟಿತು. ತಲೆ ತಗ್ಗಿಸಿ ಅಡ್ಡಗೋಲು ಎತ್ತಿದ.

ಸೇತುವೆ ದಾಟಿದ ಮೇಲೂ ರೇಡಿಯೋದವನು ಅವಳ ಕೈ ಬಿಡಲಿಲ್ಲ. ಯಾವಾಗ ಹಿಡಿದನೋ ಇಬ್ಬರಿಗೂ ಗೊತ್ತಿಲ್ಲ.

ಗುಡ್ಡದ ಮೇಲಿನ ಹಳೇ ಗಿರಣಿಯಲ್ಲಿ ಹೋರಾಟಗಾರರ ಬಿಡಾರ. ಮುಖಂಡ ಮೊದಲು ಪಾಠ ಹೇಳುತ್ತಿದ್ದವರು, ಎಲ್ಲರೂ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಅವರು ರೇಡಿಯೋದವನನ್ನು ತಬ್ಬಿಕೊಂಡು ಒಳಗೆ ಬಿಟ್ಟು, ಅವಳೆದುರು ಕೈ ಅಡ್ಡ ಹಿಡಿದರು.

"ಈಕೆ ಆ ಧರ್ಮದೋಳು ಅಂತ ಸುದ್ದಿ ಬಂದಿದೆ. ನಮ್ಮ ಪ್ರಾರ್ಥನೆ ಹೇಳಲಿ, ನಂಬ್ತೀವಿ. ಇಲ್ಲಾಂದ್ರೆ ವಾಪಸ್ ಹೋಗಲಿ."

ವಾಪಸ್ ಎಂದರೆ ಅದೇ ಸೇತುವೆ, ಅದೇ ಸೈನಿಕ, ಗಂಡನೆಲ್ಲಿ ಎಂಬ ಪ್ರಶ್ನೆ. ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳು. "ನನಗೆ ಬರಲ್ಲ," ಅಂದಳು. "ಬಂದ್ರೂ ಹೇಳಲ್ಲ."

ಒಳಗೆ ಹೋಗಿದ್ದವನು ತಿರುಗಿ ಬಂದು ಅವಳ ಪಕ್ಕ ನಿಂತ. ದಿಂಬನ್ನು ಅವಳ ಕೈಯಿಂದ ತಗೊಂಡು ಎದೆಗವುಚಿಕೊಂಡ.

"ವಾಲ್ವು ಇದರೊಳಗಿದೆ ಮೇಷ್ಟ್ರೇ. ಅವಳು ಬಂದ್ರೆ ಇದೂ ಒಳಗೆ ಬರುತ್ತೆ. ಪ್ರಾರ್ಥನೆ ಕೇಳಿ ಬಾಗಿಲು ತೆಗೆಯೋ ದೇಶವೇ ಸಾಕಾಗಿದ್ರೆ ಅದು ಆಚೆ ದಡದಲ್ಲೇ ಇತ್ತಲ್ಲ. ನಮ್ಮೋರು ಇಷ್ಟು ಜನ ಯಾಕೆ ಸಾಯಬೇಕಿತ್ತು?"

"ಈಕೆ ನಿನಗೇನಾಗಬೇಕು?"

"ಹೆಂಡ್ತಿ."

"ಅದು ಸೇತುವೆ ದಾಟೋಕೆ ಹೇಳಿದ ಸುಳ್ಳಲ್ವಾ?"

"ಅಲ್ಲಿ ಸುಳ್ಳಾಗಿತ್ತು."

ಮೇಷ್ಟ್ರ ಹಿಂದೆ ನಿಂತಿದ್ದ ಒಬ್ಬ ಬಾಗಿಲಿನಿಂದ ಸರಿದ. ಅವನನ್ನು ನೋಡಿ ಇನ್ನೊಬ್ಬ ಸರಿದ. ಕೊನೆಗೆ ಮೇಷ್ಟ್ರೂ ಕೈ ಇಳಿಸಿದರು.

ಆದರೆ ಟೈಲರ್ ಹುಡುಗಿ ಹೊಸ್ತಿಲಲ್ಲೇ ನಿಂತಳು. "ಎಲ್ಲರಿಗೂ ಹೇಳಿದ್ರಿ. ನನ್ನ ಕೇಳಿದ್ರಾ?"

ಅವನು ಬೆವರಿದ. "ನನ್ನ ಮದುವೆ ಆಗ್ತೀಯಾ?"

"ಯಾರ ಧರ್ಮಕ್ಕೆ ಬಂದು?"

"ನೀನು ನಿನ್ನದರಲ್ಲೇ ಇರು, ನಾನು ನನ್ನದರಲ್ಲಿ. ಮನೆ ಒಂದೇ."

"ನಾಳೆ ನಿಮ್ಮ ಹೊಸ ದೇಶ ಅದಕ್ಕೆ ಒಪ್ಪದಿದ್ರೆ?"

"ಇನ್ನೊಂದು ಸ್ವಾತಂತ್ರ್ಯ ಹೋರಾಟ ಶುರು ಮಾಡೋಣ."

ಅವಳು ಮೇಷ್ಟ್ರ ಕಡೆ ತಿರುಗಿ, "ಕೇಳಿಸ್ಕೊಂಡ್ರಲ್ಲ?" ಅಂದಳು. ಆಮೇಲೆ ಎಲ್ಲರೆದುರೇ ಅವನ ಕೈ ಹಿಡಿದು, ಯಾರ ಅಪ್ಪಣೆಗೂ ಕಾಯದೆ ಒಳಗೆ ನಡೆದಳು.